ದುಂಡಗಿಲ್ಲದ ನ್ಯೂಕ್ಲಿಯಸ್

ಪರಮಾಣುವಿನ ಚಿತ್ರ ಬರೆಯಿರಿ ಎಂದರೆ ನೀವು ಏನು ಬರೆಯುತ್ತೀರಿ? ನಡುವೆ ಒಂದು ದುಂಡು ಚುಕ್ಕೆ, ಸುತ್ತ ಕೆಲವು ವರ್ತುಲಗಳು. ಬಿ.ಎಸ್‌ಸಿ. ಓದುವಾಗ ನಾನೂ ಹಾಗೆಯೇ ಬರೆದೆ, ಅಂಕವೂ ಬಂತು. ಈ ಮಾತುಕತೆಗೆಂದು ಸ್ಟುಡಿಯೋದಲ್ಲಿ ಥರ್ಮೋಕೋಲ್ ಮಾದರಿ ಮಾಡಿಸಲು ಹೊರಟಾಗ ಪ್ರಶ್ನೆ ಎದುರಾಯಿತು: ಆ ನಡುವಿನ ಚುಕ್ಕೆ ನಿಜವಾಗಿಯೂ ದುಂಡಗಿದೆಯೇ? ಅನೇಕ ಧಾತುಗಳಲ್ಲಿ ಇಲ್ಲ. ಅದು ಗೊತ್ತಾದ ಬಗೆ ಸ್ವಾರಸ್ಯಕರವಾಗಿದೆ.

ನ್ಯೂಕ್ಲಿಯಸ್ ಇದೆಯೆಂದು 1911ರಲ್ಲಿ ರುದರ್‌ಫರ್ಡ್ ತೋರಿಸಿದರು. ಅದರ ಅಡ್ಡಳತೆ ಪರಮಾಣುವಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಇಷ್ಟು ಕಿರಿದಾದುದರ ಆಕಾರವನ್ನು ತಿಳಿಯುವುದು ಹೇಗೆ? ಬೆಳಕು ದಾರಿ ತೋರಿಸಿತು. ಧಾತು ಹೊಮ್ಮಿಸುವ ಬೆಳಕನ್ನು ರೋಹಿತದರ್ಶಕದಲ್ಲಿ ಬಿಡಿಸಿದರೆ ಗೆರೆಗಳು ಕಾಣುತ್ತವೆ. ಎಷ್ಟೋ ಗೆರೆಗಳು ಇನ್ನೂ ನವಿರಾದ ಎಳೆಗಳಾಗಿ ಒಡೆದಿರುತ್ತವೆ. ನ್ಯೂಕ್ಲಿಯಸ್ಸಿನ ವಿದ್ಯುದಾವೇಶ ಗೋಳಾಕಾರದಲ್ಲಿ ಹರಡಿಲ್ಲದಿದ್ದರೆ ಆ ಎಳೆಗಳ ನಡುವಣ ಅಂತರ ತುಸು ಬದಲಾಗುತ್ತದೆ. 1935ರಲ್ಲಿ ಜರ್ಮನಿಯ ಷ್ಯೂಲರ್ ಮತ್ತು ಷ್ಮಿಟ್ ಯೂರೋಪಿಯಂ ಧಾತುವಿನಲ್ಲಿ ಇಂಥ ಬದಲಾವಣೆಯನ್ನು ಕಂಡರು. ಗೋಳದಿಂದ ಆಗುವ ಈ ವಿಚಲನೆಯ ಅಳತೆಗೆ ಕ್ವಾಡ್ರುಪೋಲ್ ಮೊಮೆಂಟ್ ಎಂದು ಹೆಸರು.

ಕಾರಣವೇನು? 1949ರಲ್ಲಿ ಮರಿಯಾ ಮೇಯರ್ ಮತ್ತು ಯೆನ್ಸೆನ್ ತಮ್ಮ ಕವಚ ಮಾದರಿಯನ್ನು ಮುಂದಿಟ್ಟರು. ಗೋಳಾಕಾರದ ಬಲಕ್ಷೇತ್ರದಲ್ಲಿ ಪ್ರತಿ ಪ್ರೋಟಾನ್, ಪ್ರತಿ ನ್ಯೂಟ್ರಾನ್ ತನ್ನದೇ ಕಕ್ಷೆಯಲ್ಲಿ ಸುತ್ತುತ್ತದೆ ಎಂಬುದು ಅದರ ತಿರುಳು. 2, 8, 20, 28, 50, 82, 126 ಎಂಬ 'ಮಾಂತ್ರಿಕ ಸಂಖ್ಯೆ'ಗಳ ಗುಟ್ಟನ್ನು ಅದು ಬಿಡಿಸಿತು. ಆದರೆ ಆಕಾರದ ವಿಷಯದಲ್ಲಿ ಸೋತಿತು. ವಿರಳ ಭಸ್ಮ ಧಾತುಗಳಲ್ಲಿ ಅಳೆದ ಕ್ವಾಡ್ರುಪೋಲ್ ಮೊಮೆಂಟ್, ಹೊರಗಿನ ಒಂದು ಪ್ರೋಟಾನ್ ಕೊಡಬಹುದಾದುದರ ಹತ್ತಾರು ಪಟ್ಟು ಇತ್ತು!

ಅದೇ ವರ್ಷ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಟೌನ್ಸ್ ಈ ಅಳತೆಗಳ ಬಗ್ಗೆ ಉಪನ್ಯಾಸ ಕೊಟ್ಟರು. ಕೇಳುತ್ತ ಕುಳಿತಿದ್ದ ಜೇಮ್ಸ್ ರೇನ್‌ವಾಟರ್ ಅವರಿಗೆ ಉಪಾಯ ಹೊಳೆಯಿತು. ಒಳಗಿನ ತಿರುಳು ಕಲ್ಲಿನಂತೆ ಗಟ್ಟಿಯೆಂದು ಏಕೆ ಭಾವಿಸಬೇಕು? ಹೊರಕಕ್ಷೆಯ ಕಣ ಒತ್ತಿದರೆ ತಿರುಳು ಮಣಿಯಬಹುದಲ್ಲ! ತಿರುಳಿನ ಪ್ರೋಟಾನ್‌ಗಳೆಲ್ಲ ಒಟ್ಟಾಗಿ ಸ್ವಲ್ಪ ಸರಿದರೂ ಸಾಕು, ಮೊಮೆಂಟ್ ಬಹಳ ದೊಡ್ಡದಾಗುತ್ತದೆ. ಈ ವಿಚಾರವನ್ನು ಅವರು 1950ರಲ್ಲಿ ಪ್ರಕಟಿಸಿದರು. ಅವರದೇ ಕೋಣೆಯಲ್ಲಿ ಕೂರುತ್ತಿದ್ದ ಓಗೆ ಬೋರ್ (ನೀಲ್ಸ್ ಬೋರ್ ಅವರ ಮಗ) ಕೂಡ ಇದೇ ಹಾದಿಯಲ್ಲಿ ಯೋಚಿಸುತ್ತಿದ್ದರು. ಕೋಪನ್‌ಹೇಗನ್‌ಗೆ ಮರಳಿದ ಮೇಲೆ ಅವರು ಬೆನ್ ಮೊಟೆಲ್ಸನ್ ಜೊತೆ ಸೇರಿ ಪೂರ್ಣ ಸಿದ್ಧಾಂತ ಕಟ್ಟಿದರು.

ಸಿದ್ಧಾಂತವನ್ನು ಒರೆಗೆ ಹಚ್ಚುವುದು ಹೇಗೆ? ಕ್ವಾಂಟಂ ನಿಯಮದಂತೆ ಅಪ್ಪಟ ಗೋಳಕ್ಕೆ ಒಟ್ಟಾಗಿ ತಿರುಗುವ ಚಲನೆಯೇ ಇಲ್ಲ. ತಿರುಗಿಸಿದರೂ ಏನೂ ಬದಲಾಗದಲ್ಲ! ನೇರಳೆ ಹಣ್ಣಿನಂತೆ ನೀಳವಾದುದು ತಿರುಗಬಲ್ಲದು. ಆಗ ಅದರ ಶಕ್ತಿಮಟ್ಟಗಳು 6 : 20 : 42 ಎಂಬ ಅನುಪಾತದಲ್ಲಿ ಏರಬೇಕು. ಅಂದರೆ ಎರಡನೆಯದು ಮೊದಲನೆಯದರ 3.33 ಪಟ್ಟು, ಮೂರನೆಯದು 7 ಪಟ್ಟು. ಹಾಫ್ನಿಯಂ-180ರ ಮಟ್ಟಗಳು 93, 309 ಮತ್ತು 641 ಕಿಲೋ ಎಲೆಕ್ಟ್ರಾನ್ ವೋಲ್ಟ್. ನೀವೇ ಭಾಗಿಸಿ ನೋಡಿ: 3.32 ಮತ್ತು 6.89! ಉಳಿದ ಅಲ್ಪ ವ್ಯತ್ಯಾಸಕ್ಕೆ ಕಾರಣ, ವೇಗ ಹೆಚ್ಚಿದಂತೆ ಒಳರಚನೆ ತುಸು ಬದಲಾಗುವುದು.

1955ರಲ್ಲಿ ಸ್ವೀಡನ್ನಿನ ನಿಲ್ಸನ್ ನೀಳ ಆಕಾರದೊಳಗಿನ ಕಕ್ಷೆಗಳನ್ನು ಲೆಕ್ಕಹಾಕಿದರು. ಹೀಗೆ ಕವಚ ಮಾದರಿಗೂ ಈ ಹೊಸ ಚಿತ್ರಕ್ಕೂ ನಂಟು ಬೆಳೆಯಿತು. ಬೋರ್, ಮೊಟೆಲ್ಸನ್, ರೇನ್‌ವಾಟರ್ ಮೂವರಿಗೂ 1975ರ ನೊಬೆಲ್ ಬಹುಮಾನ ಸಂದಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1986ರಲ್ಲಿ ಇಂಗ್ಲೆಂಡಿನ ಡೇರ್ಸ್‌ಬರಿಯಲ್ಲಿ, ರಭಸದಿಂದ ತಿರುಗುವ ಡಿಸ್ಪ್ರೋಸಿಯಂ-152 ನ್ಯೂಕ್ಲಿಯಸ್ಸಿನ ಉದ್ದ ಅಗಲದ ಸುಮಾರು ಎರಡು ಪಟ್ಟು ಇರುವುದು ಕಂಡುಬಂತು. 2013ರಲ್ಲಿ ಸರ್ನ್ ಪ್ರಯೋಗಾಲಯದ ಫಲಿತಾಂಶ ರೇಡಿಯಂ-224 ಒಂದು ಕಡೆ ಉಬ್ಬಿದೆಯೆಂದು ತೋರಿಸಿತು. ನಮ್ಮ ಗೇರುಹಣ್ಣನ್ನು ನೆನೆಯಿರಿ. ಇಂಥ ನ್ಯೂಕ್ಲಿಯಸ್ಸುಗಳು ಬರೀ ಕೌತುಕವಲ್ಲ. ವಿಶ್ವದಲ್ಲಿ ದ್ರವ್ಯವೇ ಏಕೆ ಉಳಿಯಿತು, ಪ್ರತಿದ್ರವ್ಯ ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆಗೆ ಸುಳಿವು ಹುಡುಕಲು ಅವು ತಕ್ಕ ಜಾಗ.

ದುಂಡಗಿನದೆಂದೇ ಹೆಸರಾದ ಸೀಸ-208ರಲ್ಲಿ 82 ಪ್ರೋಟಾನ್, 126 ನ್ಯೂಟ್ರಾನ್. ಎರಡೂ ಮಾಂತ್ರಿಕ ಸಂಖ್ಯೆಗಳೇ. ಅದರ ಉದ್ರೇಕಿತ ಸ್ಥಿತಿಗಳು ನೇರಳೆ ಹಣ್ಣಿನಂತೆ ತುಸು ನೀಳವೆಂದು 2025ರಲ್ಲಿ ಪ್ರಕಟವಾದ ಅಳತೆಗಳು ಸೂಚಿಸಿವೆ. ಮುಂದಿನ ಬಾರಿ ಪರಮಾಣುವಿನ ಚಿತ್ರ ಬರೆಯುವಾಗ ಪೆನ್ಸಿಲನ್ನು ಒಂದು ಕ್ಷಣ ತಡೆದು ಕೇಳಿಕೊಳ್ಳಿ: ಇದು ಯಾವ ಧಾತು? ಯಾವ ಸ್ಥಿತಿಯಲ್ಲಿದೆ? ಆಮೇಲೆ ನಡುವಿನ ಚುಕ್ಕೆ ಇಡಿ.