ಬೀಸುವ ಕಲ್ಲಿನ ಮುಂದಿನ ಮಾತು: ನಮ್ಮ ಅಜ್ಜಿಯರ ಬರೆಯದ ಇತಿಹಾಸ



ಇತಿಹಾಸವೆಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ರಾಜರು, ಕೋಟೆಗಳು, ಯುದ್ಧಗಳು. ನರಗುಂದದ ಗುಡ್ಡದ ಪಕ್ಕದಲ್ಲೇ ಬದುಕುವ ನಮಗಂತೂ 1858ರ ಬಾಬಾಸಾಹೇಬರ ಬಂಡಾಯ ಬಾಯಿಪಾಠವಾಗಿದೆ. ಆದರೆ ಅದಕ್ಕೂ ನಾಲ್ವತ್ತು ಐವತ್ತು ವರ್ಷ ಮೊದಲು ಈ ಗುಡ್ಡದ ಸುತ್ತಲಿನ ಹಳ್ಳಿಗಳಲ್ಲಿ ಹದಿನೈದಿಪ್ಪತ್ತು ವಯಸ್ಸಿನ ಹೆಣ್ಣುಮಕ್ಕಳು ಹೇಗೆ ದಿನ ಕಳೆಯುತ್ತಿದ್ದರು? ಯಾರೊಡನೆ ಕುಳಿತು ನಗುತ್ತಿದ್ದರು? ಯಾರ ಮುಂದೆ ಕಣ್ಣೀರು ಹಾಕುತ್ತಿದ್ದರು? ಈ ಪ್ರಶ್ನೆಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಉತ್ತರವಿಲ್ಲ.

ಇದೇ ಪ್ರಶ್ನೆಯನ್ನು ಅಮೆರಿಕದ ಒಬ್ಬ ವಿದ್ಯಾರ್ಥಿನಿ ತನ್ನ ದೇಶದ ಹಳ್ಳಿಗಳ ಬಗ್ಗೆ ಕೇಳಿದರೆ ಅವಳಿಗೆ ಉತ್ತರ ಸಿಗುತ್ತದೆ. ಏಕೆ ಸಿಗುತ್ತದೆ ಎಂಬುದೇ ಈ ಲೇಖನದ ವಿಷಯ.

ಒಬ್ಬ ಸೂಲಗಿತ್ತಿಯ ದಿನಚರಿ

ಅಮೆರಿಕದ ಮೇನ್ ಪ್ರಾಂತ್ಯದ ಹ್ಯಾಲೊವೆಲ್ ಎಂಬ ಊರಿನಲ್ಲಿ ಮಾರ್ಥಾ ಬ್ಯಾಲಾರ್ಡ್ ಎಂಬ ಸೂಲಗಿತ್ತಿ ಇದ್ದಳು. ಆಕೆ 1785ರಿಂದ 1812ರವರೆಗೆ, ಅಂದರೆ 27 ವರ್ಷ, ದಿನಚರಿ ಬರೆದಳು. ಎಂಟುನೂರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆಕೆ, ಇಂದು ಮನೆಗೆ ಯಾರು ಬಂದರು, ಹೆಣ್ಣುಮಕ್ಕಳು ಎಷ್ಟು ನೇಯ್ದರು, ಯಾರ ಮನೆಯಲ್ಲಿ ಕಾಯಿಲೆ, ಯಾರ ಮದುವೆ ಎಂಬುದನ್ನೆಲ್ಲ ಚುಟುಕಾಗಿ ಬರೆದಿಟ್ಟಳು. ನೆರೆಹೊರೆಯ ಹುಡುಗಿಯರು ಒಂದೆಡೆ ಸೇರಿ ಬಟ್ಟೆಯ ಪದರುಗಳನ್ನು ಕೂಡಿಸಿ ಹೊದಿಕೆ ಹೊಲಿಯುತ್ತಿದ್ದ ದಿನಗಳೂ ಅದರಲ್ಲಿವೆ. ನಮ್ಮ ಕಡೆಯ ಕೌದಿಯನ್ನು ನೆನೆಸಿಕೊಳ್ಳಿ, ಹೆಚ್ಚುಕಡಿಮೆ ಅದೇ ಕೆಲಸ. ಸೂಜಿಯ ಜೊತೆಗೆ ಬಾಯಿಯೂ ಓಡುತ್ತಿತ್ತು. ಊರಿನ ಸುದ್ದಿ ಅಲ್ಲಿ ಹಂಚಿಕೆಯಾಗುತ್ತಿತ್ತು.

ಬಹಳ ಕಾಲ ಇತಿಹಾಸಕಾರರು ಈ ದಿನಚರಿಯನ್ನು ಹೆಂಗಸರ ಮನೆವಾರ್ತೆ ಎಂದು ಬದಿಗಿಟ್ಟಿದ್ದರು. ಲಾರೆಲ್ ಥ್ಯಾಚರ್ ಅಲ್ರಿಚ್ ಎಂಬ ಪ್ರಾಧ್ಯಾಪಕಿ ಅದನ್ನೇ ಆಧಾರವಾಗಿಟ್ಟುಕೊಂಡು 1990ರಲ್ಲಿ ಒಂದು ಪುಸ್ತಕ ಬರೆದರು. 1991ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಯಾವುದನ್ನು ಜನ ಕ್ಷುಲ್ಲಕವೆಂದಿದ್ದರೋ ಅದೇ ಒಂದು ಊರಿನ ನಿಜವಾದ ಚರಿತ್ರೆಯಾಯಿತು. ಹೊಲಮನೆ ಬಿಟ್ಟು ಲೋವೆಲ್ ಪಟ್ಟಣದ ಬಟ್ಟೆ ಗಿರಣಿಗಳಿಗೆ ದುಡಿಯಲು ಹೋದ ಹಳ್ಳಿಯ ಹುಡುಗಿಯರು 1840ರಿಂದ 1845ರವರೆಗೆ 'ಲೋವೆಲ್ ಆಫರಿಂಗ್' ಎಂಬ ತಮ್ಮದೇ ಪತ್ರಿಕೆಗೆ ಬರೆದರು.

ಆದರೆ ಅದೇ ದೇಶದಲ್ಲಿ ಗುಲಾಮರಾಗಿದ್ದ ಕಪ್ಪು ಜನರಿಗೆ ಅಕ್ಷರ ಕಲಿಸುವುದನ್ನು ದಕ್ಷಿಣದ ಹಲವು ರಾಜ್ಯಗಳು ಕಾಯ್ದೆ ಮಾಡಿ ನಿಷೇಧಿಸಿದ್ದವು. ಅವರ ಹೆಣ್ಣುಮಕ್ಕಳ ದಿನಚರಿಗಳು ನಮಗೆ ಸಿಗುವುದಿಲ್ಲ. ಅವರ ದುಃಖ ಉಳಿದದ್ದು ಹೆಚ್ಚಾಗಿ ಹಾಡುಗಳಲ್ಲಿ. ಆದ್ದರಿಂದ ಇದು ದೇಶ ದೇಶಗಳ ನಡುವಿನ ವ್ಯತ್ಯಾಸವಲ್ಲ. ಕೈಯಲ್ಲಿ ಲೇಖನಿ ಇದ್ದವರ ಮತ್ತು ಇಲ್ಲದವರ ನಡುವಿನ ವ್ಯತ್ಯಾಸ.

ನಮ್ಮಲ್ಲಿ ಮಾತು ಹಾಡಾಯಿತು

ನಮ್ಮ ಅಜ್ಜಿಯರ ಅಜ್ಜಿಯರಿಗೆ ಲೇಖನಿ ಇರಲಿಲ್ಲ. 1901ರ ಜನಗಣತಿಯ ಹೊತ್ತಿಗೂ ಭಾರತದಲ್ಲಿ ಅಕ್ಷರ ಬಲ್ಲ ಹೆಣ್ಣುಮಕ್ಕಳು ನೂರಕ್ಕೆ ಒಬ್ಬರಷ್ಟೂ ಇರಲಿಲ್ಲ. ಆಟವಾಡುವ ವಯಸ್ಸಿನಲ್ಲಿಯೇ ಮದುವೆಯಾಗಿ ಅರಿಯದ ಊರಿಗೆ, ಅರಿಯದ ಮನೆಗೆ ಹೋಗುತ್ತಿದ್ದರು. ಅಲ್ಲಿ ಗೆಳತಿಯರು ಸಿಗುತ್ತಿದ್ದ ಜಾಗಗಳು ಕೆಲವೇ: ಸಿಂಬಿಯ ಮೇಲೆ ಕೊಡ ಹೊತ್ತು ಹೋಗುವ ಕೆರೆ ಬಾವಿಯ ದಾರಿ, ಎರೆಹೊಲದಲ್ಲಿ ಹತ್ತಿ ಬಿಡಿಸುವ ಸಾಲು, ಕೌದಿ ಹೊಲಿಯುವ ಪಡಸಾಲೆ, ಪಂಚಮಿಗೆ ತವರಿಗೆ ಬಂದಾಗಿನ ಜೋಕಾಲಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಬೀಸುವ ಕಲ್ಲು.

ಮನೆಮಂದಿಗೆಲ್ಲ ರೊಟ್ಟಿಯಾಗಬೇಕಾದರೆ ನಸುಕಿನಲ್ಲಿಯೇ ಎದ್ದು ಜೋಳ ಬೀಸಬೇಕು. ಕಲ್ಲಿನ ಎರಡು ಕಡೆ ಇಬ್ಬರು ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ತಿರುಗಿಸುತ್ತಿದ್ದರು. ಅತ್ತೆಯ ಕಾಟ, ನಾದಿನಿಯ ಕೊಂಕು, ಕರೆಯಲು ಬಾರದ ಅಣ್ಣ, ನೆರೆಮನೆಯ ಸುದ್ದಿ ಎಲ್ಲವೂ ಅಲ್ಲಿ ಮೂರು ಸಾಲಿನ ತ್ರಿಪದಿಗಳಾದವು. ಇದರಲ್ಲಿ ಒಂದು ಜಾಣತನವೂ ಇತ್ತೆಂದು ನನಗೆ ಅನಿಸುತ್ತದೆ. ಸೊಸೆ ಎದುರು ಮಾತಾಡಿದರೆ ಜಗಳವಾಗುತ್ತದೆ. ಅದನ್ನೇ ಹಾಡಿದರೆ, ಒಳಗೆ ಮಲಗಿದ ಅತ್ತೆ ಕೇಳಿಸಿಕೊಂಡರೂ ಹಾಡಿನ ಮೇಲೆ ಹೇಗೆ ಜಗಳ ತೆಗೆದಾಳು?

ಗಂಡಸರ ಲಾವಣಿಗಳನ್ನು ಇಂಗ್ಲಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 1885ರಿಂದಲೇ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದ್ದ. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಹೀಗೆ ಅಚ್ಚಿಗೆ ಬಂದರು. ಹೆಣ್ಣುಮಕ್ಕಳ ಹಾಡುಗಳು ಮಾತ್ರ ಇನ್ನೂ ಕಾಯಬೇಕಾಯಿತು. ಬಿಜಾಪುರ ಜಿಲ್ಲೆಯ ಹಲಸಂಗಿ ಎಂಬ ಸಣ್ಣ ಹಳ್ಳಿಯ ಗೆಳೆಯರು ಮನೆಮನೆಯ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಸಂಗ್ರಹವನ್ನು ಹೊರತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಇವರೊಂದಿಗೆ ಹಲಸಂಗಿ ಗೆಳೆಯರ ಬಳಗದಲ್ಲಿ ಪಿ. ಧೂಲಾಸಾಹೇಬರೂ ಇದ್ದರು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಚಕ್ಕಿಯ ಮುಂದೆ ದಖನಿ

ಕಲ್ಲಿನ ಮುಂದೆ ಕುಳಿತವರು ಕನ್ನಡ ಮಾತಾಡುವವರಷ್ಟೇ ಅಲ್ಲ. 17ನೆಯ ಶತಮಾನದಲ್ಲಿಯೇ ಬಿಜಾಪುರದ ಚಿಶ್ತಿ ಸೂಫಿಗಳು ಹೆಣ್ಣುಮಕ್ಕಳಿಗಾಗಿ ಸರಳ ದಖನಿ ಭಾಷೆಯಲ್ಲಿ ಪದ್ಯಗಳನ್ನು ಕಟ್ಟಿದರು. ಬೀಸುವಾಗ ಹಾಡುವುದು ಚಕ್ಕಿನಾಮಾ, ನೂಲುವಾಗ ಹಾಡುವುದು ಚರಖಾನಾಮಾ, ತೊಟ್ಟಿಲು ತೂಗುವಾಗ ಲೋರಿನಾಮಾ. ಬೀಸುವ ಕಲ್ಲಿನ ಗೂಟವನ್ನು ಅವರು ಅಲಿಫ್ ಅಕ್ಷರಕ್ಕೆ ಹೋಲಿಸಿದರು. ಅಕ್ಷರ ಬಾರದ ಹೆಣ್ಣುಮಗಳಿಗೆ ಕೈಯಲ್ಲಿದ್ದ ಗೂಟವೇ ಮೊದಲ ಅಕ್ಷರವಾಯಿತು. ಶಿಶುನಾಳ ಶರೀಫರ (1819-1889) ತತ್ವಪದಗಳಲ್ಲಿಯೂ ಒಳ್ಳು, ಒನಕೆ, ಬೀಸುವ ಕಲ್ಲು ಬರುತ್ತವೆ. ದೊಡ್ಡ ತತ್ವವನ್ನು ಹೇಳಲು ಅವರು ಹೆಣ್ಣುಮಕ್ಕಳ ಕೈಯೊಳಗಿನ ಸಾಮಾನನ್ನೇ ಆರಿಸಿಕೊಂಡರು. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಕಲಿಸುವ ನನಗೆ ಈ ಎರಡೂ ಪರಂಪರೆಗಳು ಒಂದೇ ಕಲ್ಲಿನ ಎರಡು ಬಿಲ್ಲೆಗಳಂತೆ ಕಾಣುತ್ತವೆ.

ಮಾತಿನ ಇನ್ನೊಂದು ಮುಖ

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ಹರಟೆಯೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಪವಿತ್ರ ಕುರ್‌ಆನ್‌ನ ಸೂರೆ ಹುಜುರಾತ್‌ನಲ್ಲಿ ಗೀಬತ್, ಅಂದರೆ ಬೆನ್ನ ಹಿಂದಿನ ನಿಂದೆಯನ್ನು ಸ್ಪಷ್ಟವಾಗಿ ನಿಷೇಧಿಸಲಾಗಿದೆ. ತನ್ನ ಸುಖದುಃಖವನ್ನು ಗೆಳತಿಯ ಮುಂದೆ ಹೇಳಿಕೊಳ್ಳುವುದು ಬೇರೆ, ಅಲ್ಲಿಲ್ಲದವಳ ಮಾನ ಹರಾಜು ಹಾಕುವುದು ಬೇರೆ. ಮೊದಲನೆಯದು ಹಾಡಾಗಿ ಉಳಿಯಿತು. ಎರಡನೆಯದು ಗಾಳಿಮಾತಾಗಿ ಹೋಗುವಾಗ ಒಬ್ಬಳ ಬಾಳನ್ನೂ ಕೊಂಡೊಯ್ದಿತು.

ಇದು ಹಳೆಯ ಕಾಲದ ಮಾತಷ್ಟೇ ಅಲ್ಲ. ಏಳನೆಯ ತರಗತಿ ಮುಗಿಸಿದ ಜಾಣ ಹುಡುಗಿಯೊಬ್ಬಳು ಹೈಸ್ಕೂಲಿಗೆ ಹೋಗದೆ ಮನೆಯಲ್ಲಿ ಉಳಿದದ್ದನ್ನು ನಾನು ಕಂಡಿದ್ದೇನೆ. ಕಾರಣ ಕೇಳಿದಾಗ ತಂದೆ ಹೇಳಿದ್ದು ಒಂದೇ ಮಾತು: "ಮಂದಿ ಏನಂದಾರು ಸರ್?" ಬಡತನಕ್ಕೆ ವಿದ್ಯಾರ್ಥಿವೇತನವಿದೆ, ದೂರಕ್ಕೆ ಬಸ್ ಇದೆ. ಮಂದಿಯ ಬಾಯಿಗೆ ಔಷಧ ನಾವೇ ಆಗಬೇಕು. ಕಟ್ಟೆಯ ಮೇಲೆ ಕುಳಿತು ಇಂಥ ಮಾತಾಡುವವರಲ್ಲಿ ಹೆಂಗಸರಿಗಿಂತ ಗಂಡಸರೇ ಹೆಚ್ಚು ಎಂಬುದನ್ನೂ ಸಂಸ್ಥೆಯ ಸದಸ್ಯ ಬಾಂಧವರು ಒಪ್ಪಿಕೊಳ್ಳಬೇಕು.

ಒಂದು ವಿನಂತಿ

ಕಳೆದ ವರ್ಷ ಮಕ್ಕಳಿಗೆ, ಮನೆಯ ಹಿರಿಯ ಹೆಣ್ಣುಮಕ್ಕಳಿಂದ ಒಂದು ಹಾಡನ್ನೋ ಒಂದು ನೆನಪನ್ನೋ ಬರೆದುಕೊಂಡು ಬನ್ನಿ ಎಂದು ಹೇಳಿದ್ದೆ. ಒಬ್ಬಳು ಹುಡುಗಿ ಬರಿಗೈಯಲ್ಲಿ ಬಂದಳು. "ನಮ್ಮ ನಾನಿಗೆ ಹಾಡು ಬರ್ತಿತ್ತಂತ್ರಿ, ಹೋದ ವರ್ಷ ತೀರಿಕೊಂಡಳು" ಎಂದಳು. ನಾನು ಅವಳ ಹೆಸರಿನ ಮುಂದೆ ಗೈರು ಎಂದು ಗುರುತು ಹಾಕಲಿಲ್ಲ. ತಡ ಮಾಡಿದ್ದು ಅವಳಲ್ಲ, ನಾವು.

ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಹಿತ್ತಲು ಸೇರಿದೆ. ಅದು ಒಳ್ಳೆಯದೇ ಆಯಿತು, ಆ ದುಡಿಮೆ ಯಾರಿಗೂ ಬೇಡ. ಆದರೆ ಕಲ್ಲಿನ ಮುಂದೆ ಆಡಿದ ಮಾತು ಅದರೊಂದಿಗೆ ಹೋಗಬಾರದು. ವಿದ್ಯಾರ್ಥಿ ಮಿತ್ರರೇ, ಇಂದು ಸಂಜೆ ದಾದಿಯೋ ನಾನಿಯೋ ಅಜ್ಜಿಯೋ ಇದ್ದರೆ ಅವರ ಬಳಿ ಕುಳಿತುಕೊಳ್ಳಿ. ಕನ್ನಡದಲ್ಲೋ ಉರ್ದುವಿನಲ್ಲೋ, ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ, ಕೆಳಗೆ ಊರು ಮತ್ತು ತಾರೀಖು ಹಾಕಿ. ಹೆಣ್ಣುಮಕ್ಕಳೇ, ನಿಮ್ಮ ದಿನವನ್ನೂ ನಾಲ್ಕು ಸಾಲು ಬರೆದಿಡಿ. ಮಾರ್ಥಾ ಬರೆದದ್ದೂ ಅಷ್ಟೇ. ನಿಮ್ಮ ಅಜ್ಜಿಗೆ ಇಲ್ಲದ ಲೇಖನಿ ಇಂದು ನಿಮ್ಮ ಕೈಯಲ್ಲಿದೆ.