ಲೆಕ್ಕದ ಹೆಂಗಸರು

ನಮ್ಮ ಮನೆಯ ನಡುಕೋಣೆಯ ಗೋಡೆಗೂಡಿನಲ್ಲಿ ಒಂದು ಕಾಲಕ್ಕೆ ಲಾಂದ್ರ ಇರುತ್ತಿತ್ತಂತೆ. ಆಮೇಲೆ ರೇಡಿಯೋ ಬಂತು, ಅದೂ ಹೋಗಿ ಹಳೇ ಪತ್ರಿಕೆಗಳ ಕಟ್ಟು ಬಂತು. ಈಗ ಆರು ತಿಂಗಳಿಂದ ಅಲ್ಲೊಂದು ಹಳೆಯ ಲ್ಯಾಪ್‌ಟಾಪು ಕೂತಿದೆ. ಮಗ ಹೊಸದು ಕೊಂಡಾಗ ಬಿಟ್ಟುಹೋದದ್ದು. ಪರದೆಯ ಬಲಗಡೆ ಅರ್ಧ ಕಪ್ಪಾಗಿದೆ, ಎರಡು ಕೀಲಿ ಉದುರಿವೆ. ಆದರೂ ಹಗಲೂ ರಾತ್ರಿ ಸಣ್ಣಗೆ ಗುಂಯ್‌ಗುಡುತ್ತಾ ಇರುತ್ತದೆ.

“ಇದನ್ನ ರಾತ್ರಿಯಾದರೂ ಆರಿಸಬಾರದೇನೇ?” ಎಂದು ಅತ್ತೆ ಕೇಳಿದರು.

“ಇದು ಸರ್ವರು ಅತ್ತೆ, ಆರಿಸೋ ಹಾಗಿಲ್ಲ.”

“ಹೋಟೆಲಿನ ಸರ್ವರಿಗೂ ರಾತ್ರಿ ರಜಾ ಇರುತ್ತಲ್ಲೇ!”

ಅತ್ತೆ ತಮಾಷೆಗೆ ಅಂದದ್ದೇ ಅದರ ಸರಿಯಾದ ಅರ್ಥ. ಯಾರು ಬಂದು ಕೇಳಿದರೂ ಕೇಳಿದ್ದನ್ನು ತಂದು ಮುಂದಿಡುವ ಯಂತ್ರ ಅದು. ನಮ್ಮ ಮನೆಯ ಫೋಟೋಗಳು, ನಾನು ಬರೆದ ಲೆಕ್ಕದ ಪ್ರೋಗ್ರಾಮು ಅದರಲ್ಲಿವೆ. ಮನೆಯವರು ತಮ್ಮ ತಮ್ಮ ಫೋನಿನಿಂದ ಕೇಳಿದರೆ ಬಡಿಸುತ್ತದೆ. 1990ರ ಕೊನೆಯಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್ ಲೀ ಜಗತ್ತಿನ ಮೊದಲ ವೆಬ್ ಸರ್ವರನ್ನು ನಡೆಸಿದಾಗ, ಇದನ್ನು ಆರಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದು ಯಂತ್ರದ ಮೈಗೇ ಚೀಟಿ ಅಂಟಿಸಿದ್ದರು. ಅಲ್ಲಿಯೂ ಯಾರೋ ಅತ್ತೆಯಂಥವರು ಓಡಾಡುತ್ತಿದ್ದರು ಅಂತ ಕಾಣುತ್ತದೆ! ನಾನೂ ಒಂದು ಚೀಟಿ ಅಂಟಿಸಿದೆ. ಗುಡುಗು ಬಂದಾಗ ಅತ್ತೆ ಅದನ್ನು ಲೆಕ್ಕಕ್ಕಿಡದೆ ಪ್ಲಗ್ಗು ಕೀಳುತ್ತಾರೆ, ಅದು ಒಳ್ಳೆಯದೇ.

ನಲವತ್ತನಾಲ್ಕು ವಯಸ್ಸಿನಲ್ಲಿ ಈ ಹುಚ್ಚೇಕೆ ಎಂದು ನೀವು ಕೇಳಬಹುದು. ಹತ್ತೊಂಬತ್ತು ವರ್ಷದಿಂದ ನಾನು ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಹೋದ ವರ್ಷ ಹೊಸ ತಂತ್ರಾಂಶ ಬಂತು. ಐದು ಮೇಜುಗಳಿದ್ದ ಕೋಣೆಯಲ್ಲಿ ಈಗ ಎರಡಿವೆ. ಒಂದು ನನ್ನದು. ಎಷ್ಟು ದಿನ ಅಂತ ಯಾರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಮೇಜು ಹೋಗುವ ಮೊದಲೇ, ಆ ಮೇಜನ್ನು ನುಂಗುವ ಯಂತ್ರದ ಭಾಷೆ ಕಲಿತು ಬೇರೆ ಕೆಲಸ ಹುಡುಕೋಣ ಅನ್ನಿಸಿತು. ನನಗಿಂತ ಮೊದಲೇ ಹೀಗೆ ಯೋಚಿಸಿದ ಒಬ್ಬಾಕೆ ಇದ್ದರೆಂದು ಆಮೇಲೆ ತಿಳಿಯಿತು.

ಆಕೆಯ ಹೆಸರು ಡೊರೊಥಿ ವಾನ್. 1910ರಲ್ಲಿ ಹುಟ್ಟಿದ ಅಮೆರಿಕದ ಕಪ್ಪು ಹೆಣ್ಣುಮಗಳು. ವರ್ಜೀನಿಯಾದ ಫಾರ್ಮ್‌ವಿಲ್ ಎಂಬ ಸಣ್ಣ ಊರಿನ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಸಂಬಳ ಸಾಲದೆ, ಯುದ್ಧಕಾಲದ ಬೇಸಿಗೆ ರಜೆಯಲ್ಲಿ ಸೈನಿಕರ ಶಿಬಿರದ ಲಾಂಡ್ರಿಯಲ್ಲಿ ದುಡಿಯುತ್ತಿದ್ದರು. 1943ರಲ್ಲಿ ಲ್ಯಾಂಗ್ಲಿಯ ವಿಮಾನ ಸಂಶೋಧನಾ ಕೇಂದ್ರದಲ್ಲಿ ಲೆಕ್ಕ ಮಾಡುವ ಕೆಲಸ ಸಿಕ್ಕಿತು. ಸಂಬಳ ಮೇಷ್ಟ್ರ ಕೆಲಸದ್ದಕ್ಕಿಂತ ಎರಡು ಪಟ್ಟು ಮಿಕ್ಕಿ. ನಾಲ್ಕು ಮಕ್ಕಳನ್ನು ಅತ್ತೆಮನೆಯಲ್ಲಿ ಬಿಟ್ಟು ಹೊರಟರು. ಆ ಹೊತ್ತು ಆ ಮನೆಯ ಬಾಗಿಲಲ್ಲಿ ಯಾರು ಏನು ಅಂದರೋ, ನಾವು ಊಹಿಸಿಕೊಳ್ಳಬಹುದಷ್ಟೆ.

ಆ ಕೆಲಸದ ಹೆಸರೇ ‘ಕಂಪ್ಯೂಟರ್’! ಆಗ ಅದು ಯಂತ್ರವಲ್ಲ, ಕೂತು ಲೆಕ್ಕ ಹಾಕುವ ಮನುಷ್ಯರು. ನಮ್ಮಲ್ಲಿಯೂ ಅಷ್ಟೇ ತಾನೆ? ಗಣಕ ಎಂದರೆ ಮೊದಲು ಲೆಕ್ಕಿಗ, ಜೋಯಿಸ. ಪೆಟ್ಟಿಗೆಗೆ ಆ ಹೆಸರು ಬಂದದ್ದು ಈಚೆಗೆ. ಲ್ಯಾಂಗ್ಲಿಯಲ್ಲಿ ಬಿಳಿಯ ಹೆಂಗಸರಿಗೆ ಒಂದು ಕಟ್ಟಡ, ಕಪ್ಪು ಹೆಂಗಸರಿಗೆ ಪಶ್ಚಿಮದ ಕಡೆ ಇನ್ನೊಂದು. ಊಟದ ಮೇಜೂ ಬೇರೆ. 1949ರಲ್ಲಿ ಡೊರೊಥಿಯನ್ನು ಆ ಪಶ್ಚಿಮ ವಿಭಾಗಕ್ಕೆ ತಾತ್ಕಾಲಿಕ ಮುಖ್ಯಸ್ಥೆ ಮಾಡಿದರು. ಕೆಲಸವೆಲ್ಲ ಮುಖ್ಯಸ್ಥೆಯದು, ‘ತಾತ್ಕಾಲಿಕ’ ಎಂಬ ಮಾತು ಅಳಿಯುವುದಕ್ಕೆ ಎರಡು ವರ್ಷ ಬೇಕಾಯಿತು.

ಐವತ್ತರ ದಶಕದಲ್ಲಿ ಯಂತ್ರಗಳು ಬಂದವು. ಹತ್ತು ಜನರ ದಿನಗಟ್ಟಲೆಯ ಲೆಕ್ಕವನ್ನು ಯಂತ್ರ ಮಾಡುವುದಾದರೆ ಆ ಹತ್ತು ಜನರ ಗತಿಯೇನು? ಡೊರೊಥಿ ಗೊಣಗುತ್ತಾ ಕೂರಲಿಲ್ಲ. 1957ರಲ್ಲಿ ಐಬಿಎಂ ಕಂಪನಿ ಹೊರತಂದ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿತರು. ಕಲಿತದ್ದನ್ನು ತನ್ನ ಜೊತೆಯ ಹೆಂಗಸರಿಗೂ ಕಲಿಸಿದರು; ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ! 1958ರಲ್ಲಿ ಆ ಸಂಸ್ಥೆ ನಾಸಾ ಆಯಿತು, ಬೇರ್ಪಡಿಸಿದ ವಿಭಾಗಗಳನ್ನು ಮುಚ್ಚಿದರು. ಕಪ್ಪು ಬಿಳುಪೆನ್ನದೆ ಎಲ್ಲರೂ ಕೂಡಿದ್ದ ಹೊಸ ಗಣಕ ವಿಭಾಗಕ್ಕೆ ಡೊರೊಥಿ ಹೋದರು. ಸ್ಕೌಟ್ ರಾಕೆಟ್ಟಿನ ಕೆಲಸದಲ್ಲಿಯೂ ಅವರ ಪಾಲಿದೆ. ಆಗ ಅವರಿಗೆ ವಯಸ್ಸು ಐವತ್ತರ ಆಜುಬಾಜು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಮುಖ್ಯಸ್ಥೆಯ ಹುದ್ದೆ ಮತ್ತೆ ಅವರಿಗೆ ಸಿಗಲೇ ಇಲ್ಲ. ಬಯಸಿದ್ದರು, ಸಿಗಲಿಲ್ಲ. 1971ರಲ್ಲಿ ನಿವೃತ್ತರಾಗಿ 2008ರಲ್ಲಿ ತೀರಿಕೊಂಡರು. ಹೊಸ ವಿದ್ಯೆ ಅವರ ಕೆಲಸವನ್ನು ಉಳಿಸಿತು, ಕುರ್ಚಿಯನ್ನು ಉಳಿಸಲಿಲ್ಲ. ನಾನು ರಾತ್ರಿ ಪಾಠ ಓದಿ ಸುಸ್ತಾದಾಗ ನೆನಪಾಗುವುದು ಈ ಕೊನೆಯ ಭಾಗವೇ.

ಪಾಠವೇನೋ ಫೋನಿನಲ್ಲೇ ನೋಡಬಹುದು. ಹಾಗಿದ್ದ ಮೇಲೆ ಗೂಡಿನಲ್ಲಿ ಸ್ವಂತ ಯಂತ್ರ ಏಕೆ? ಇದಕ್ಕೆ ಇನ್ನೂ ಹಿಂದಿನ ಆರು ಹೆಂಗಸರ ಸಂಗತಿ ಹೇಳಬೇಕು. 1945ರಲ್ಲಿ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಎಂಬ ಗಣಕಯಂತ್ರ ಸಿದ್ಧವಾಗುತ್ತಿತ್ತು. ತೂಕ ಮೂವತ್ತು ಟನ್, ಒಳಗೆ ಸುಮಾರು 18,000 ವಾಲ್ವುಗಳು. ಫಿರಂಗಿಯ ಗುಂಡು ಎಲ್ಲಿ ಬೀಳುತ್ತದೆಂದು ಕೈಲೆಕ್ಕ ಮಾಡುತ್ತಿದ್ದ ಹೆಂಗಸರಲ್ಲಿ ಆರು ಮಂದಿಯನ್ನು ಆರಿಸಿ, ಇದನ್ನು ನಡೆಸುವುದು ನಿಮ್ಮ ಕೆಲಸ ಎಂದರು. ಪಠ್ಯಪುಸ್ತಕವಿಲ್ಲ, ಕಲಿಸುವವರಿಲ್ಲ. ಮಿಲಿಟರಿ ಗುಟ್ಟೆಂದು ಮೊದಮೊದಲು ಯಂತ್ರದ ಕೋಣೆಗೂ ಬಿಡಲಿಲ್ಲ. ತಂತಿಗಳ ನಕ್ಷೆ ಕೊಟ್ಟು, ಓದಿ ತಿಳಿದುಕೊಳ್ಳಿ ಎಂದರು! ಆ ಹುಡುಗಿಯರು ನಕ್ಷೆ ಹರಡಿಕೊಂಡು, ಇಂಜಿನಿಯರುಗಳನ್ನು ಕಾಡಿಬೇಡಿ ಕೇಳಿಕೊಂಡು ಕಲಿತರು. ಕಡೆಗೆ ಯಂತ್ರದ ಬಳಿ ಹೋದಾಗ, ಯಾವ ವಾಲ್ವು ಕೆಟ್ಟಿದೆ ಎನ್ನುವಷ್ಟು ಅದರ ಹೊಟ್ಟೆಯೊಳಗಿನದು ಅವರಿಗೆ ಗೊತ್ತಿತ್ತು.

ನನಗೂ ಹಾಗೆಯೇ ಆಯಿತು. ಪುಕ್ಕಟೆ ಸಿಗುವ ಲಿನಕ್ಸ್ ಎಂಬುದನ್ನು ಈ ಹಳೇ ಯಂತ್ರಕ್ಕೆ ಹಾಕುವಾಗ ಮೂರು ಸಲ ಕೆಡಿಸಿದೆ. ಕೆಡಿಸಿದ್ದರಿಂದಲೇ ಒಳಗೇನಿದೆ ಅಂತ ತಿಳಿಯಿತು. ಕಚೇರಿಯ ಯಂತ್ರವನ್ನು ಹಾಗೆ ಬಿಚ್ಚಲು ಬಿಡುತ್ತಾರೆಯೇ?

ಆ ಆರು ಜನರಲ್ಲಿ ನನಗೆ ತೀರಾ ಹತ್ತಿರದವಳು ಬೆಟ್ಟಿ ಸ್ನೈಡರ್. ಗಣಿತ ಓದಲು ಹೋದವಳಿಗೆ, ಮನೆಯಲ್ಲಿದ್ದು ಮಕ್ಕಳನ್ನು ಸಾಕುವುದು ಬಿಟ್ಟು ಇಲ್ಲೇನು ಎಂದು ಪ್ರೊಫೆಸರೊಬ್ಬರು ಹಂಗಿಸಿದ್ದರಂತೆ, ಪತ್ರಿಕೋದ್ಯಮ ಓದಿಕೊಂಡಳು. 1946ರ ಫೆಬ್ರವರಿ 15ರಂದು ಎನಿಯಾಕಿನ ದೊಡ್ಡ ಪ್ರದರ್ಶನ. ಹಿಂದಿನ ದಿನ ಸಂಜೆಯವರೆಗೂ ಪ್ರೋಗ್ರಾಮು ಸರಿಹೋಗಿರಲಿಲ್ಲ. ಗುಂಡು ನೆಲಕ್ಕೆ ಬಡಿದ ಮೇಲೂ ಲೆಕ್ಕ ನಿಲ್ಲದೆ, ಗುಂಡು ಭೂಮಿಯೊಳಕ್ಕೆ ಇಳಿಯುತ್ತಲೇ ಇತ್ತು! ರಾತ್ರಿ ಮಲಗಿದ ಬೆಟ್ಟಿಗೆ ನಿದ್ದೆಯಲ್ಲಿ ಉತ್ತರ ಹೊಳೆಯಿತಂತೆ. ಬೆಳಿಗ್ಗೆ ಬೇಗ ಬಂದು ಒಂದು ಸ್ವಿಚ್ಚನ್ನು ಒಂದು ಮನೆ ತಿರುಗಿಸಿದಳು. ಪ್ರದರ್ಶನ ಗೆದ್ದಿತು, ನಿಜವಾದ ಗುಂಡು ಹಾರಿ ಬೀಳುವುದಕ್ಕಿಂತ ಬೇಗ ಯಂತ್ರ ಲೆಕ್ಕ ಮುಗಿಸಿತು. ಆ ರಾತ್ರಿಯ ಔತಣಕ್ಕೆ ಆ ಹೆಂಗಸರನ್ನು ಯಾರೂ ಕರೆಯಲಿಲ್ಲ. ನಲವತ್ತು ವರ್ಷಗಳ ಮೇಲೆ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಹಳೇ ಫೋಟೋ ತೋರಿಸಿ ಇವರು ಯಾರು ಎಂದು ಕೇಳಿದರೆ, ಯಂತ್ರದ ಪಕ್ಕ ಚಂದಕ್ಕೆ ನಿಲ್ಲಿಸಿದ ಮಾಡೆಲ್ಲುಗಳು ಎಂಬ ಉತ್ತರ ಬಂತಂತೆ. ಆಕೆ ಬೆನ್ನುಹತ್ತಿದ್ದರಿಂದ ಅವರ ಹೆಸರುಗಳು ಹೊರಬಂದವು.

ಇದನ್ನು ಓದುವ ಮೊದಲೇ ನನಗೂ ಅದೇ ತಪ್ಪು ಆಗಿತ್ತು. ಕಂತಿನ ಸಾಲದ ಲೆಕ್ಕಕ್ಕೆಂದು ಬರೆದ ನನ್ನ ಮೊದಲ ಪ್ರೋಗ್ರಾಮು, ಬಾಕಿ ಸೊನ್ನೆಯಾದ ಮೇಲೂ ನಿಲ್ಲದೆ ಕಂತು ಕಳೆಯುತ್ತಲೇ ಹೋಯಿತು. ನನಗೆ ಕನಸಿನಲ್ಲೇನೂ ಹೊಳೆಯಲಿಲ್ಲ. ಮೂರನೆಯ ದಿನ ಕುಕ್ಕರು ಕೂಗುವುದನ್ನು ಕಾಯುತ್ತಾ ಕೂತಿದ್ದಾಗ ಸಿಕ್ಕಿತು: ಎಲ್ಲಿ ನಿಲ್ಲಬೇಕೆಂದು ನಾನು ಯಂತ್ರಕ್ಕೆ ಹೇಳಿಯೇ ಇರಲಿಲ್ಲ. ಒಂದು ಸಾಲು ಸೇರಿಸಿದೆ. ಅಷ್ಟರಲ್ಲಿ ಅನ್ನ ಮುದ್ದೆಯಾಗಿತ್ತು.

ಆ ಪ್ರೋಗ್ರಾಮನ್ನೇ ಜೊತೆಗಿಟ್ಟು ಎರಡು ಕಡೆ ಅರ್ಜಿ ಹಾಕಿದ್ದೇನೆ. ಒಂದು ಕಡೆಯಿಂದ ಉತ್ತರವಿಲ್ಲ, ಇನ್ನೊಂದು ಕಡೆಯವರು ವಯಸ್ಸು ಕೇಳಿ ಬರೆದಿದ್ದಾರೆ. ಅತ್ತೆಗೆ ಆ ತಪ್ಪಿನ ಕಥೆ ಹೇಳಿದೆ.

“ಸಾಲ ತೀರಿದ ಮೇಲೂ ಕಂತು ವಸೂಲಿ ಮಾಡ್ತಿತ್ತಾ?” ಎಂದು ಬೊಚ್ಚುಬಾಯಿ ತುಂಬ ನಕ್ಕರು. “ನಮ್ಮೂರ ಸಾಹುಕಾರನೂ ಥೇಟು ಹಂಗೇ ಮಾಡ್ತಿದ್ದ ಕಣೇ. ಅವನಿಗೆ ಈ ಒಂದು ಸಾಲು ಬರೆದುಕೊಡೋರು ಯಾರೂ ಇರಲಿಲ್ಲ.”