ಶಾಲೆಯಂಗಳದ ಶಿಲ್ಪವನದಲ್ಲಿ ಯಾರ ಹೆಸರು ಇರಬೇಕು?

ಕಳೆದ ವರ್ಷ ನಾವು ಒಂದು ಸುದ್ದಿ ಮಾಡಿದ್ದೆವು. ಶ್ರೀನಿವಾಸಪುರ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಅಂಗಳದಲ್ಲಿ, ಮಾವಿನ ಮರಗಳ ಕೆಳಗೆ, ಮಕ್ಕಳೆಲ್ಲ ಸೇರಿ ಪುಟ್ಟದೊಂದು ಶಿಲ್ಪವನ ಮಾಡಿದ್ದರು. ಸಿಮೆಂಟಿನ ನಾಲ್ಕು ಕುರಿ, ಮಾವಿನ ಬುಟ್ಟಿ ಹೊತ್ತ ಒಬ್ಬ ಹೆಂಗಸು, ಚೂರುಗಲ್ಲು ಜೋಡಿಸಿ ಕಟ್ಟಿದ ಒಂದು ಕೆರೆಕಟ್ಟೆ. ಮಾಲೂರು ಕಡೆಯ ಶಿಲ್ಪಿಯೊಬ್ಬರು ಭಾನುವಾರಗಳಲ್ಲಿ ಬಂದು ಹೇಳಿಕೊಟ್ಟಿದ್ದರು.

ಸುದ್ದಿ ಮೂರು ಕಾಲಂ ಬಂತು. ಉದ್ಘಾಟಿಸಿದವರ ಹೆಸರಿತ್ತು. ವೇದಿಕೆಯ ಮೇಲಿದ್ದವರ ಹೆಸರಿತ್ತು. ಸಿಮೆಂಟ್ ಮೂಟೆ ಕೊಡಿಸಿದ ದಾನಿಗಳ ಹೆಸರೂ ಇತ್ತು. ಮಾರನೇ ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೇಷ್ಟ್ರ ಫೋನಿನಿಂದ ನಮಗೆ ಕರೆ ಮಾಡಿದಳು.

“ಅಣ್ಣಾ, ಕುರಿ ಮಾಡಿದ್ದು ನಾವು. ಪೇಪರಲ್ಲಿ ಎಲ್ಲಾರ ಹೆಸರೂ ಐತೆ, ನಮ್ದೇ ಇಲ್ವಲ್ಲಣ್ಣಾ?”

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಜಾಗ ಕಡಿಮೆ ಇತ್ತು ಅಂದೆವು. ಅದು ಸುಳ್ಳು. ಆ ಮಕ್ಕಳ ಹೆಸರನ್ನಾಗಲೀ ಆ ಶಿಲ್ಪಿಯ ಹೆಸರನ್ನಾಗಲೀ ನಾವು ಕೇಳಿಯೇ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆಲ್ಲ ವೇದಿಕೆ ಮೇಲಿನವರದೇ.

ಅವತ್ತಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಹತ್ತಾರು ಕೈ ಸೇರಿ ಕಲ್ಲು ಕೆತ್ತಿದಾಗ, ಮೂರ್ತಿ ಮಾಡಿದಾಗ, ಹೆಸರು ಯಾರಿಗೆ ಹೋಗುತ್ತದೆ? ನಮ್ಮ ಹಿಂದಿನವರು ಏನು ಮಾಡುತ್ತಿದ್ದರು? ಹುಡುಕುತ್ತಾ ಮೊದಲು ಹೋಗಿದ್ದು ನಮ್ಮ ಮುಳಬಾಗಿಲಿಗೇ.

ಕುರುಡುಮಲೆಯ ಅಪ್ಪ, ಮಗ

ಕುರುಡುಮಲೆ ಅಂದರೆ ಎಲ್ಲರಿಗೂ ನೆನಪಾಗುವುದು ಹದಿಮೂರುವರೆ ಅಡಿಯ ಗಣಪ. ಚುನಾವಣೆ ಬಂದರೆ ಪಕ್ಷಗಳ ಪ್ರಚಾರದ ಗಾಡಿಗಳು ಅಲ್ಲಿಂದಲೇ ಹೊರಡುತ್ತವೆ. ಆದರೆ ಅಲ್ಲೇ ಹತ್ತಿರದಲ್ಲಿರುವ ಸೋಮೇಶ್ವರ ಗುಡಿಗೆ ಹೋಗುವವರು ಕಡಿಮೆ. ಆ ಗುಡಿಯ ಬಗ್ಗೆ ಊರಿನವರು ಒಂದು ಕಥೆ ಹೇಳುತ್ತಾರೆ. ಗುಡಿಯ ಅರ್ಧ ಭಾಗ ಜಕಣಾಚಾರಿಯ ಕೆಲಸ, ಇನ್ನರ್ಧ ಅವನ ಮಗ ಡಂಕಣಾಚಾರಿಯದು. ನೋಡಿದರೆ ಗೊತ್ತಾಗುತ್ತದಂತೆ, ಮಗನ ಕಡೆಯ ಕೆತ್ತನೆಯೇ ಹೆಚ್ಚು ನಯ.

ಇದೇ ಅಪ್ಪ ಮಗನ ಇನ್ನೊಂದು ಕಥೆ ಬೇಲೂರಿನದು. ಜಕಣಾಚಾರಿ ಕೆತ್ತಿದ ಮೂರ್ತಿಯ ಕಲ್ಲಿನಲ್ಲಿ ದೋಷ ಇದೆ ಅಂತ ಎಲ್ಲಿಂದಲೋ ಬಂದ ಹುಡುಗ ಹೇಳುತ್ತಾನೆ. ಮೂರ್ತಿಗೆ ಗಂಧ ಬಳಿಯುತ್ತಾರೆ. ಮೈಯೆಲ್ಲ ಒಣಗುತ್ತದೆ, ಹೊಕ್ಕುಳ ಸುತ್ತ ಮಾತ್ರ ಹಸಿ. ಅಲ್ಲಿ ಉಳಿ ಇಟ್ಟರೆ ಒಳಗಿನಿಂದ ನೀರೂ ಕಪ್ಪೆಯೂ ಹೊರಬರುತ್ತವೆ. ಆ ಹುಡುಗ ತನ್ನದೇ ಮಗ ಎಂದು ಆಮೇಲೆ ತಿಳಿಯುತ್ತದೆ. ಕಪ್ಪೆ ಚೆನ್ನಿಗರಾಯ ಎಂಬ ಹೆಸರು ಬಂದದ್ದು ಹೀಗೆ ಎನ್ನುತ್ತಾರೆ.

ಜಕಣಾಚಾರಿ ಎಂಬ ಶಿಲ್ಪಿಗೆ ಶಾಸನದ ಆಧಾರವಿಲ್ಲ, ಇದು ಜನರ ಬಾಯಲ್ಲಿ ಬೆಳೆದ ಕಥೆ ಎಂದು ಇತಿಹಾಸಕಾರರು ಹೇಳುತ್ತಾರೆ. ಇರಲಿ. ಆದರೆ ಕಥೆ ಸುಮ್ಮನೆ ಹುಟ್ಟಿದ್ದಲ್ಲ. ಒಳಗೆ ಪೊಳ್ಳು ಅಥವಾ ತೇವ ಇರುವ ಕಲ್ಲನ್ನು ಶಿಲ್ಪಶಾಸ್ತ್ರ ‘ಗರ್ಭಶಿಲೆ’ ಎಂದು ಕರೆದು ಬಿಟ್ಟುಬಿಡು ಎನ್ನುತ್ತದೆ. ಲೇಪ ಬಳಿದು ನೋಡುವುದು, ಸುತ್ತಿಗೆಯಿಂದ ತಟ್ಟಿ ನಾದ ಕೇಳುವುದು ಈ ಕಸುಬಿನ ಹಳೆಯ ಪರೀಕ್ಷೆಗಳು. ಗಂಟೆಯಂತೆ ಮೊಳಗುವ ಕಲ್ಲು ಒಳ್ಳೆಯದು, ಮಂಕಾಗಿ ಸದ್ದು ಮಾಡಿದರೆ ಒಳಗೆ ಬಿರುಕು ಇರಬಹುದು.

ನಮಗೆ ಮುಖ್ಯ ಅನಿಸಿದ್ದು ಬೇರೆ. ಇಷ್ಟು ದೊಡ್ಡ ಗುಡಿಗಳನ್ನು ನೋಡಿದ ಜನ, ಅವನ್ನು ಒಬ್ಬನೇ ಮಾಡಿದ ಅಂತ ಕಥೆ ಕಟ್ಟಲಿಲ್ಲ. ಕಲಿಸಿದವನು ಮತ್ತು ಕಲಿತವನು, ಇಬ್ಬರನ್ನೂ ಇಟ್ಟರು. ಕಲಿತವನಿಗೆ ಕಲಿಸಿದವನ ತಪ್ಪು ಹೇಳುವ ಹಕ್ಕನ್ನೂ ಕೊಟ್ಟರು.

ಓಜ ಎಂದರೆ ಮೇಷ್ಟ್ರು

ಕಥೆ ಬಿಟ್ಟು ಕಲ್ಲಿನ ಮೇಲಿನ ಅಕ್ಷರಕ್ಕೆ ಬಂದರೂ ಅಪ್ಪ ಮಗ ಸಿಗುತ್ತಾರೆ. ಬೇಲೂರಿನ ಗುಡಿ 1117ರಲ್ಲಿ ಪ್ರತಿಷ್ಠೆಯಾದದ್ದು. ಅಲ್ಲಿ ಮದನಿಕೆಯರನ್ನು ಕೆತ್ತಿದವರಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನಲ್ಲೇ ಬರೆದಿದ್ದಾರೆ. ಬಳ್ಳಿಗಾವಿ ಇರುವುದು ಈಗಿನ ಶಿವಮೊಗ್ಗ ಜಿಲ್ಲೆಯಲ್ಲಿ. ಹೊಯ್ಸಳರ ಕಾಲದ ಶಿಲ್ಪಿಗಳು ಹೆಸರು, ಊರು ಮಾತ್ರವಲ್ಲ, ತಮ್ಮ ಬಿರುದುಗಳನ್ನೂ ಎದುರಾಳಿ ಶಿಲ್ಪಿಗಳಿಗೆ ಹಾಕಿದ ಸವಾಲನ್ನೂ ಕೆತ್ತಿಟ್ಟರು.

‘ದಾಸೋಜ’ದಲ್ಲಿರುವ ‘ಓಜ’ ಹಳಗನ್ನಡದ ಪದ. ಉಪಾಧ್ಯಾಯ ಅಂತ ಅರ್ಥ. ನಮ್ಮ ಊರುಗಳಲ್ಲಿ ಈಗಲೂ ಕರೆಯುವ ‘ಆಚಾರಿ’ ಬಂದದ್ದು ಆಚಾರ್ಯದಿಂದ. ಅದೂ ಮೇಷ್ಟ್ರೇ. ಅಂದರೆ ಕಲ್ಲು ಕೆತ್ತುವವನಿಗೆ ಕನ್ನಡ ಕೊಟ್ಟ ಎರಡು ಹೆಸರೂ ಕಲಿಸುವವನ ಹೆಸರು.

ಇನ್ನೊಬ್ಬ ಮಲ್ಲಿತಮ್ಮ. ತರೀಕೆರೆ ಹತ್ತಿರದ ಅಮೃತಾಪುರದ ಗುಡಿ 1196ರದು. ಅಲ್ಲಿ ಅವನ ಹೆಸರು ಕಾಣಿಸುತ್ತದೆ. ಆಮೇಲೆ ಹಲವು ಗುಡಿಗಳಲ್ಲಿ ಸಿಗುತ್ತದೆ. ಸುಮಾರು ಆರು ದಶಕ ಕಳೆದ ಮೇಲೆ ಸೋಮನಾಥಪುರದ ಹತ್ತಾರು ಶಿಲ್ಪಗಳ ಕೆಳಗೆ ಅದೇ ಹೆಸರಿದೆ. ಕೆಲಸ ಕಲಿಯುವ ವಯಸ್ಸಿನಲ್ಲಿ ಶುರು ಮಾಡಿದ ಹುಡುಗ ಮುದುಕನಾಗುವ ತನಕ ಕೆತ್ತಿದ್ದನ್ನು ನಾವು ಇವತ್ತು ಹೇಳಬಲ್ಲೆವು. ಕಾರಣ ಒಂದೇ, ಹೆಸರು ಬರೆದಿಟ್ಟದ್ದು. ಬರೆಯದೇ ಇದ್ದಿದ್ದರೆ ಮಲ್ಲಿತಮ್ಮ ಎಂಬುವನು ಇರುತ್ತಲೇ ಇರಲಿಲ್ಲ.

ನಮ್ಮ ಜಿಲ್ಲೆಯ ಕಡೆ ಕಥೆ ಬೇರೆ. ಮುಳಬಾಗಿಲು ತಾಲೂಕಿನ ಆವನಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪಿದೆ. 10ನೇ ಶತಮಾನದಲ್ಲಿ ಅಲ್ಲಿದ್ದ ತ್ರಿಭುವನಕರ್ತಾರ ಎಂಬ ಗುರು 50 ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದ ಎಂದು ಶಾಸನ ಹೇಳುತ್ತದೆ. ಕಟ್ಟಿಸಿದವನ ಹೆಸರು ಉಳಿಯಿತು. ಆ ಕೆರೆಯ ಮಣ್ಣು ಹೊತ್ತವರು, ಆ ಗುಡಿಗಳ ಕಗ್ಗಲ್ಲು ಒಡೆದವರು ಎಷ್ಟು ಮಂದಿ ಇದ್ದಿರಬೇಕು, ಯೋಚಿಸಿ.

ಕಲ್ಲಿನ ವ್ಯತ್ಯಾಸವನ್ನೂ ಹೇಳಬೇಕು. ಬೇಲೂರು, ಹಳೇಬೀಡಿನದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಅಲ್ಲಿ ಉಗುರು, ಬಳೆ, ಮಣಿಸರ ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ನಮ್ಮದು ಗ್ರಾನೈಟ್ ಸೀಮೆ. ಕಗ್ಗಲ್ಲಿನಲ್ಲಿ ಅಷ್ಟು ಸಣ್ಣ ಕೆಲಸ ಮಾಡಬೇಕೆಂದರೆ ಪಟ್ಟ ಶ್ರಮ ಅದರ ಹಲವು ಪಟ್ಟು.

ಶಿವಾರಪಟ್ಟಣದ ಸದ್ದು

ಈ ಕಸುಬು ಇಂದಿಗೂ ಉಸಿರಾಡುತ್ತಿರುವ ಊರು ಮಾಲೂರು ತಾಲೂಕಿನ ಶಿವಾರಪಟ್ಟಣ. ಬೀದಿಗೆ ಕಾಲಿಟ್ಟರೆ ಸಾಕು, ಉಳಿಯ ಸದ್ದು, ಅದರ ನಡುವೆ ಕಲ್ಲು ಕೊಯ್ಯುವ ಮೆಷಿನ್ನಿನ ಕಿರುಚಾಟ. ಮನೆ ಮುಂದೆ ಅರ್ಧ ಕೆತ್ತಿದ ನಂದಿ, ಗಣೇಶ, ಅಮ್ಮನವರು. ಇಲ್ಲಿನ ಮೂರ್ತಿಗಳು ಕರ್ನಾಟಕ, ಆಂಧ್ರ, ತಮಿಳುನಾಡಿನ ಗುಡಿಗಳಿಗೆ ಹೋಗುತ್ತವೆ, ಹೊರದೇಶಕ್ಕೂ ಹೋಗುತ್ತವೆ.

ಇಲ್ಲಿ ಮಕ್ಕಳು ಕಲಿಯುವುದು ಅಳತೆಯಿಂದ. ಮೂರ್ತಿಯ ಮುಖದ ಉದ್ದ ಒಂದು ತಾಳ. ಅದರ ಒಂಬತ್ತು ಪಟ್ಟು ಎತ್ತರ ಇದ್ದರೆ ನವತಾಳ. ಈ ಲೆಕ್ಕ ಇರುವುದರಿಂದಲೇ ಒಂದು ಮೂರ್ತಿಗೆ ಹತ್ತು ಕೈ ಸೇರಬಹುದು. ಒಬ್ಬರು ಗೆರೆ ಹಾಕುತ್ತಾರೆ, ಒಬ್ಬರು ದಪ್ಪ ಕಲ್ಲು ತೆಗೆಯುತ್ತಾರೆ, ಒಬ್ಬರು ಒಡವೆ ಬಿಡಿಸುತ್ತಾರೆ, ಹಿರಿಯರು ಕೊನೆಗೆ ಕಣ್ಣು ತೆರೆಯುತ್ತಾರೆ.

ಮೂರ್ತಿ ಊರು ಬಿಟ್ಟ ಮೇಲೆ ಈ ಯಾವ ಕೈಗೂ ಹೆಸರಿಲ್ಲ. ಗುಡಿ ಗೋಡೆಯ ನುಣುಪು ಗ್ರಾನೈಟ್ ಫಲಕದ ಮೇಲೆ ದಾನಿಗಳ ಪಟ್ಟಿ ಇರುತ್ತದೆ, ಎಷ್ಟು ರೂಪಾಯಿ ಎಂಬುದರ ಸಮೇತ. ಮೂರ್ತಿ ಮಾಡಿದವರನ್ನು ಅಲ್ಲಿ ಹುಡುಕಿ ನೋಡಿ. ನಾವು ಪೇಪರಿನಲ್ಲಿ ಮಾಡಿದ ತಪ್ಪೂ ಇದೇ.

ಶಾಂತಿನಿಕೇತನದ ಮಣ್ಣಿನ ಮನೆ

ವಿದ್ಯಾರ್ಥಿಗಳು ಕೂಡಿ ಬಯಲಿನಲ್ಲಿ ಶಿಲ್ಪ ಮಾಡಿದ ಕಥೆ ಬೇಕೆಂದರೆ ಬಂಗಾಳಕ್ಕೆ ಹೋಗಬೇಕು. ರವೀಂದ್ರನಾಥ ಟಾಗೋರರ ಶಾಂತಿನಿಕೇತನದ ಕಲಾಭವನಕ್ಕೆ ನಂದಲಾಲ್ ಬೋಸ್ ಮುಖ್ಯಸ್ಥರಾಗಿದ್ದರು. 1930ರ ದಶಕದಲ್ಲಿ ಅಲ್ಲಿ ಮೇಷ್ಟ್ರೂ ಮಕ್ಕಳೂ ಸೇರಿ ಒಂದು ಮಣ್ಣಿನ ಮನೆ ಕಟ್ಟಿ, ಗೋಡೆಯ ತುಂಬ ಉಬ್ಬುಶಿಲ್ಪ ಮಾಡಿದರು. ಮಳೆಗೆ ಕರಗದಿರಲಿ ಎಂದು ಡಾಂಬರು ಬಳಿದರು. ಅದಕ್ಕೇ ಅದರ ಹೆಸರು ‘ಕಾಲೋ ಬಾಡಿ’, ಕಪ್ಪು ಮನೆ. ವಿದ್ಯಾರ್ಥಿಗಳು ವಾಸ ಮಾಡುತ್ತಿದ್ದ ಹಾಸ್ಟೆಲ್ಲೂ ಅದೇ.

ಅಲ್ಲೇ ಓದಿ ಅಲ್ಲೇ ಮೇಷ್ಟ್ರಾದವರು ರಾಮಕಿಂಕರ ಬೈಜ್, ಬಡ ಕುಟುಂಬದ ಹುಡುಗ. 1938ರಲ್ಲಿ ಅವರು ಬಯಲಿನಲ್ಲಿ ‘ಸಂತಾಲ ಕುಟುಂಬ’ ನಿಲ್ಲಿಸಿದರು. ಕೆಲಸ ಹುಡುಕಿಕೊಂಡು ಹೊರಟ ಆದಿವಾಸಿ ಸಂಸಾರ. ಗಂಡ, ಹೆಂಡತಿ, ಮಗು, ಜೊತೆಗೊಂದು ನಾಯಿ. ಅಮೃತಶಿಲೆ, ಕಂಚಿಗೆ ದುಡ್ಡಿರಲಿಲ್ಲ. ಸಿಮೆಂಟಿಗೆ ಆ ನೆಲದ ಕೆಂಪು ಜಲ್ಲಿ ಕಲಸಿದರು. ರಾಜರಲ್ಲ, ದೇವರಲ್ಲ, ಕೂಲಿಯವರು ಅಷ್ಟು ಎತ್ತರಕ್ಕೆ ನಿಂತರು. ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಗಂಟುಮೂಟೆ ಕಟ್ಟಿಕೊಂಡು ಬರುವ ಸಂಸಾರಗಳನ್ನು ನೋಡಿದವರಿಗೆ ಆ ಶಿಲ್ಪದ ಫೋಟೋ ನೋಡಿದರೆ ಹೊಸದೇನೂ ಅನಿಸುವುದಿಲ್ಲ.

ಚೋಳಮಂಡಲ, ಗೊಟಗೋಡಿ

ನಮಗೆ ಹತ್ತಿರದ್ದು ಚೆನ್ನೈ ಪಕ್ಕದ ಚೋಳಮಂಡಲ. ಮದರಾಸಿನ ಸರ್ಕಾರಿ ಕಲಾ ಶಾಲೆಯ ಪ್ರಿನ್ಸಿಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್‌ಗೆ ಒಂದೇ ಚಿಂತೆ, ಓದು ಮುಗಿಸಿದ ಹುಡುಗರು ಹೊಟ್ಟೆಪಾಡಿಗೆ ಕಲೆ ಬಿಟ್ಟುಬಿಡುತ್ತಾರಲ್ಲ ಎಂದು. ಗುರು ಶಿಷ್ಯರು ಬಾಟಿಕ್ ಬಟ್ಟೆಯಂಥ ಕೈಕೆಲಸ ಮಾಡಿ ಮಾರಿ ಬಂದ ಹಣ ಕೂಡಿಸಿ, 1966ರಲ್ಲಿ ಸಮುದ್ರದ ದಂಡೆಯಲ್ಲಿ ಜಮೀನು ಕೊಂಡು ಕಲಾವಿದರ ಊರನ್ನೇ ಕಟ್ಟಿದರು. ಕಲ್ಲು, ಲೋಹದ ಶಿಲ್ಪಗಳ ತೋಟ ಅಲ್ಲಿ ಇವತ್ತಿಗೂ ಇದೆ. ಆ ಗುಂಪಿನಲ್ಲಿ ಮೈಸೂರಿನ ಎಸ್.ಜಿ. ವಾಸುದೇವ್ ಕೂಡ ಇದ್ದರು. ‘ಸಂಸ್ಕಾರ’ ಸಿನಿಮಾದ ಕಲಾ ನಿರ್ದೇಶನ ಅವರದೇ.

ನಮ್ಮ ರಾಜ್ಯದಲ್ಲಿ ಹಳ್ಳಿಯವರ ಮನಸ್ಸಿಗೆ ಹತ್ತಿರವಾದದ್ದು ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಟಿ.ಬಿ. ಸೊಲಬಕ್ಕನವರ್ ತಮ್ಮ ಶಿಷ್ಯರು, ಕುಶಲಕರ್ಮಿಗಳ ತಂಡ ಕಟ್ಟಿಕೊಂಡು ಅಲ್ಲಿ ಒಂದು ಹಳ್ಳಿಯನ್ನೇ ಸಿಮೆಂಟಿನಲ್ಲಿ ಆಳೆತ್ತರಕ್ಕೆ ನಿಲ್ಲಿಸಿದರು. ಕಮ್ಮಾರ, ಕುಂಬಾರ, ಸಂತೆ, ಎತ್ತು, ಹೊಲ. ಅವರು ಬಯಲಾಟದ ಕಲಾವಿದರೂ ಹೌದು. 2020ರಲ್ಲಿ ತೀರಿಕೊಂಡರು. ಅವರು ಹೋದರೂ ತೋಟ ನಿಂತಿದೆ. ಹತ್ತಾರು ಜನಕ್ಕೆ ಕೆಲಸ ಕಲಿಸಿದ್ದರ ಲಾಭ ಅದು.

ನಮ್ಮ ಶಾಲೆಗಳಿಗೆ ಇದರಲ್ಲೇನಿದೆ?

ಕೋಲಾರ ಜಿಲ್ಲೆಯಲ್ಲಿ ಶಿಲ್ಪವನ ಮಾಡಲು ಬೇಕಾದದ್ದೆಲ್ಲ ಕೈಗೆಟಕುವಷ್ಟು ಹತ್ತಿರ ಇದೆ. ಶಿವಾರಪಟ್ಟಣದ ಶಿಲ್ಪಿಗಳಿದ್ದಾರೆ, ಮಾಲೂರಿನ ಇಟ್ಟಿಗೆ ಹೆಂಚಿನ ಮಣ್ಣಿದೆ, ಎಲ್ಲೆಲ್ಲೂ ಚೂರುಗಲ್ಲಿದೆ. ಮಾಡುವವರಿಗೆ ಮೂರು ಮಾತು.

ಒಂದು, ಮಕ್ಕಳ ಕೈಗೆ ಕಲ್ಲು ಕೊಯ್ಯುವ ಮೆಷಿನ್ ಕೊಡಬೇಡಿ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೋಗಿ ಕೂತರೆ ಸಿಲಿಕೋಸಿಸ್ ಎಂಬ ಕಾಯಿಲೆ ಬರುತ್ತದೆ, ವಾಸಿಯಾಗುವುದಿಲ್ಲ. ಕಲ್ಲಿನ ಕೆಲಸ ದೊಡ್ಡವರು ನೀರು ಹಾಕಿಕೊಂಡು, ಮಾಸ್ಕ್ ಕಟ್ಟಿಕೊಂಡು ಮಾಡಲಿ. ಮಕ್ಕಳು ಜೇಡಿಮಣ್ಣಿನಿಂದ ಶುರು ಮಾಡಲಿ. ಆಮೇಲೆ ಕಬ್ಬಿಣದ ಕಂಬಿ, ಜಾಲರಿ ಕಟ್ಟಿ ಸಿಮೆಂಟ್ ಮೆತ್ತಲಿ. ಒಂದು ವಾರವಾದರೂ ದಿನಾ ನೀರು ಹಾಕದಿದ್ದರೆ ಬಿರುಕು ಬಿಡುತ್ತದೆ. ಆ ನೀರು ಹಾಕುವ ಪಾಳಿಯೂ ಕಲೆಯ ಕೆಲಸವೇ.

ಎರಡು, ಏನು ಮಾಡಬೇಕೆಂದು ಮಕ್ಕಳೇ ಹೇಳಲಿ. ಶ್ರೀನಿವಾಸಪುರದ ಮಕ್ಕಳಿಗೆ ಮೊದಲು ಸೂಚಿಸಿದ್ದು ಗಣ್ಯರ ಪ್ರತಿಮೆ. ಕುರಿ ಮಾಡುತ್ತೇವೆ ಎಂದವರು ಮಕ್ಕಳು. ಡಂಕಣನಿಗೆ ಇದ್ದ ಹಕ್ಕು ಅವರಿಗೂ ಇರಬೇಕು.

ಮೂರು, ಹೆಸರು. ಮೊನ್ನೆ ನಾವು ಮತ್ತೆ ಆ ಶಾಲೆಗೆ ಹೋಗಿದ್ದೆವು, ತಪ್ಪು ಒಪ್ಪಿಕೊಳ್ಳುವುದಕ್ಕೆ. ಕೆರೆಕಟ್ಟೆಯ ತುದಿಯಲ್ಲಿ ಹೊಸದಾಗಿ ಸಿಮೆಂಟ್ ಬಳಿದು, ಹಸಿ ಇರುವಾಗಲೇ ಮೊಳೆಯಿಂದ ಹೆಸರು ಗೀಚಿದ್ದರು. ಶಿಲ್ಪಿಯ ಹೆಸರು, ಗಾರೆ ಕಲಸಿದವರ ಹೆಸರು, ನೀರು ಹೊತ್ತು ತಂದ ಬಿಸಿಯೂಟದ ಅಕ್ಕನ ಹೆಸರು, ಆಮೇಲೆ ಮಕ್ಕಳದು. ಎರಡು ಹೆಸರಲ್ಲಿ ಒತ್ತಕ್ಷರ ತಪ್ಪಿದೆ. ಹಾಗೇ ಗಟ್ಟಿಯಾಗಿದೆ. ಫೋನ್ ಮಾಡಿದ್ದ ಹುಡುಗಿ ನಮ್ಮನ್ನು ಕರೆದುಕೊಂಡು ಹೋಗಿ ತನ್ನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದಳು.

ನಿಮ್ಮೂರ ಗುಡಿ, ಶಾಲೆ, ಕೆರೆ ತೂಬಿನ ಕಲ್ಲುಗಳಲ್ಲಿ ಮಾಡಿದವರ ಹೆಸರು ಎಲ್ಲಾದರೂ ಇದ್ದರೆ ಒಂದು ಫೋಟೋ ತೆಗೆದು ನಮಗೆ ಕಳಿಸಿ. ಇಲ್ಲದಿದ್ದರೆ, ಗೊತ್ತಿರುವ ಹಿರಿಯರನ್ನು ಕೇಳಿ ಬರೆದು ಕಳಿಸಿ. ಈ ಸಲ ಹೆಸರಿಗೆ ಜಾಗ ಇದೆ.